ಕಿನ್ನಾಳದ ಚಿತ್ರಗಳು ಮರಳಿ ಸಿಕ್ಕವು

ಕಂಪ್ಯೂಟರಿಗೆ ಲಿನಕ್ಸ್ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಹಾರ್ಡ್ ಡಿಸ್ಕ್ ಮೌಂಟ್ ಆಗಲೇ ಇಲ್ಲ, ಅಂದರೆ ತೆರೆದುಕೊಳ್ಳಲೇ ಇಲ್ಲ. ಕೊಪ್ಪಳದ ಸುತ್ತ ತೆಗೆದ ಚಿತ್ರಗಳೆಲ್ಲ ಅದರಲ್ಲಿವೆ. ಕಿನ್ನಾಳದ ಅಜ್ಜನವರು ಹುಣಸೆಬೀಜದ ಅಂಟು ಬಳಿದು ಗೊಂಬೆಯ ಮೂಗು ತೀಡುವುದೂ ಇದೆ. ಅಜ್ಜನವರು ಈಗ ಇಲ್ಲ.

ಪರದೆಯ ಮೇಲೆ ‘ಫೈಲ್ ಸಿಸ್ಟಮ್ ತಪ್ಪು’ ಎಂಬ ಅರ್ಥದ ಸಂದೇಶ. ಫಾರ್ಮ್ಯಾಟ್ ಮಾಡಿ ಎಲ್ಲ ಅಳಿಸಿಬಿಡಿ ಎಂದವರಿದ್ದರು; ದಯವಿಟ್ಟು ಯಾರೂ ಆ ಮಾತು ಕೇಳಬೇಡಿ. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ದಾಖಲೆಯ ಕೊನೆಯ ಸಾಲುಗಳಲ್ಲಿ ನಿಜ ಕಾರಣವಿತ್ತು: ವಾಲ್ಯೂಮ್ ‘ಡರ್ಟಿ’, ಅಂದರೆ ಡಿಸ್ಕನ್ನು ಸರಿಯಾಗಿ ಮುಚ್ಚಿಲ್ಲ. ವಿಂಡೋಸ್‌ನಲ್ಲಿ ಬಳಸುವಾಗ ಕರೆಂಟ್ ಹೋಗಿ ಉಳಿದಿದ್ದ ಗುರುತು ಅದು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬಗೆಯ ಡಿಸ್ಕನ್ನು ಲಿನಕ್ಸ್‌ನಲ್ಲಿ ಬಳಸಲು ನೆರವಾಗುವ ಹಳೆಯ ಎನ್‌ಟಿಎಫ್‌ಎಸ್-3ಜಿ ಚಾಲಕ ತಂತ್ರಾಂಶ ಅಂಥ ಡಿಸ್ಕನ್ನು ತೆರೆಯುತ್ತಿತ್ತು. 2021ರಲ್ಲಿ ಕರ್ನಲ್ 5.15ರೊಂದಿಗೆ ಬಂದ ಎನ್‌ಟಿಎಫ್‌ಎಸ್3, ಬಲವಂತ ಮಾಡದ ಹೊರತು ಅದನ್ನು ಬರೆಯಲು ಬರುವಂತೆ ಮೌಂಟ್ ಮಾಡಲು ಒಪ್ಪುವುದಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಅನುಮಾನವಿದ್ದಾಗ ಮುಟ್ಟದೆ ನಿಲ್ಲುವುದೂ ಕಾಳಜಿಯೇ.

ಓದಲು ಮಾತ್ರ ಎಂಬ ಆಯ್ಕೆಯಲ್ಲಿ ಮೌಂಟ್ ಮಾಡಿದೆ, ತೆರೆಯಿತು! ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿದ ಮೇಲೆಯೇ ವಿಂಡೋಸ್‌ನಲ್ಲಿ ಡಿಸ್ಕಿನ ತಪ್ಪು ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಿದೆ. ಈ ಕ್ರಮವನ್ನು ಮಾತ್ರ ಹಿಂದುಮುಂದು ಮಾಡಬೇಡಿ.

ಅಜ್ಜನವರ ಚಿತ್ರಗಳ ಒಂದು ಪ್ರತಿಯನ್ನು ಈ ವಾರವೇ ಅವರ ಮನೆಗೆ ತಲುಪಿಸುತ್ತೇನೆ.