ಸೌದೆ ಫರ್ನೇಸಿಗೆ ಡಕ್ಟ್ ನಕ್ಷೆ
ಅಮೆರಿಕದ ಮಿನೆಸೋಟದ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಸೌದೆ ಫರ್ನೇಸ್ (ಸೌದೆ ಉರಿಸಿ ಇಡೀ ಮನೆಯನ್ನು ಬೆಚ್ಚಗಿಡುವ ದೊಡ್ಡ ಒಲೆ) ಕೂರಿಸಲು ನಿಶ್ಚಯಿಸಿದ ಮೇಲೆ, ಯಂತ್ರದ ಆಯ್ಕೆಗಿಂತ ಬಿಸಿಗಾಳಿಯನ್ನು ಕೋಣೆಗಳಿಗೆ ಒಯ್ಯುವ ಕೊಳವೆಗಳ, ಅಂದರೆ ಡಕ್ಟ್‌ಗಳ, ನಕ್ಷೆ ಹಾಕುವುದಕ್ಕೇ ಹೆಚ್ಚು ಸಮಯ ಹಿಡಿಯಿತು. ಗ್ಯಾಸ್ ಫರ್ನೇಸಿನಂತೆ ಇದರ ಬೆಂಕಿಯನ್ನು ಗುಂಡಿಯೊತ್ತಿ ನಂದಿಸಲಾಗದು. ಹಿಮಪಾತದಲ್ಲಿ ವಿದ್ಯುತ್ ಹೋಗಿ ಗಾಳಿ ತಳ್ಳುವ ಬ್ಲೋವರ್ ನಿಂತರೂ ಸೌದೆ ಉರಿಯುತ್ತಲೇ ಇರುವುದರಿಂದ, ಕಾದ ಗಾಳಿ ತಾನಾಗಿಯೇ ಮೇಲೇರುವಂತೆ ಮುಖ್ಯ ಡಕ್ಟನ್ನು ಅಗಲವಾಗಿ, ತುಸು ಏರುಮುಖವಾಗಿ, ಆದಷ್ಟು ಕಡಿಮೆ ತಿರುವುಗಳೊಂದಿಗೆ ಒಯ್ಯಬೇಕು. ಕವಲುಗಳಿಗೆ 6 ಇಂಚಿನ ಕೊಳವೆ ಸಾಕೆಂದುಕೊಂಡಿದ್ದೆ. ಆದರೆ ಅದರ ಬಾಯಿಯ ವಿಸ್ತೀರ್ಣ ಸುಮಾರು 28 ಚದರ ಇಂಚಾದರೆ, 8 ಇಂಚಿನದು 50; ಎರಡೇ ಇಂಚಿಗೆ ಇಷ್ಟು ವ್ಯತ್ಯಾಸ! ಪ್ಲಾಸ್ಟಿಕ್ ಹೊದಿಕೆಯ ಮೆದು ಡಕ್ಟ್ ಇಲ್ಲಿ ಸಲ್ಲದು, ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ತಗಡೇ ಆಗಬೇಕು. ಮರದ ತೊಲೆಗಳಿಂದ ಕೈಪಿಡಿಯಲ್ಲಿ ಹೇಳಿದಷ್ಟು ಅಂತರವನ್ನು ನಕ್ಷೆಯಲ್ಲೇ ಬಿಟ್ಟಿದ್ದೇನೆ. ಹಜಾರದ ತಣ್ಣನೆಯ ಗಾಳಿ ಮರಳಿ ಬರುವ ಡಕ್ಟನ್ನು ಎಲ್ಲಿ ಇಳಿಸುವುದೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.