ಮಗ್ ಸಿಕ್ಸ್ಟಿ ಎಲ್ಲಿ ಹೋಯ್ತು?

“ಮಗ್ ಸಿಕ್ಸ್ಟಿ ಎಲ್ಲಿ ಹೋಯ್ತು, ಪಪ್ಪಾ?”

ಭಾನುವಾರದಿಂದ ಈ ಪ್ರಶ್ನೆ ಕಿವಿಯಲ್ಲೇ ಕೂತಿದೆ. ‘ಮಗ್’ ಅಂದರೆ ಮಗನೂ ಅಲ್ಲ, ಬಚ್ಚಲಮನೆಯ ಮಗ್ಗೂ ಅಲ್ಲ, ಮರಾಠಿಯ ‘ಹಾಗಾದರೆ’. ಮುಂಬೈ ಪಕ್ಕದ ಡೊಂಬಿವಲಿಯ ಕನ್ನಡ ಮಕ್ಕಳ ಬಾಯಲ್ಲಿ ಅದು ಯಾವತ್ತೋ ಕನ್ನಡವೇ ಆಗಿಹೋಗಿದೆ. ಕೇಳಿದವಳು ಐದನೇ ಇಯತ್ತೆಯ ಹುಡುಗಿ. ಪಪ್ಪ ಉತ್ತರ ಹೇಳಲಿಲ್ಲ. “ನೋಡು, ಬಂತಲ್ಲ ಟ್ರಯಾಂಗಲ್” ಅಂದರು, ಅಷ್ಟೇ.

ಅಂದು ಮಕ್ಕಳ ಕೋಡಿಂಗ್ ಕ್ಲಾಸು. ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇದ್ದದ್ದರಿಂದ ಅರ್ಧ ಮಕ್ಕಳು ತಡವಾಗಿ ಬಂದಿದ್ದರು. ಹಳೆಯ ಲ್ಯಾಪ್‌ಟಾಪು ನಾಲ್ಕು, ಮಕ್ಕಳು ಹನ್ನೆರಡು. ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಮ್ ಬರೆಯುವ ಸ್ಕ್ರ್ಯಾಚ್‌ನಲ್ಲಿ, ಪರದೆಯ ಮೇಲಿನ ಬೆಕ್ಕಿನಿಂದ ತ್ರಿಕೋನ ಬರೆಸುವುದು ಆ ದಿನದ ಪಾಠ. ಕೆಳಗೆ ಎಡಮೂಲೆಯ ಎಕ್ಸ್‌ಟೆನ್ಷನ್ ಗುಂಡಿ ಒತ್ತಿ ‘ಪೆನ್’ ತಂದುಕೊಳ್ಳಬೇಕು. ಮೊದಲು ‘ಇರೇಸ್ ಆಲ್’, ಇಲ್ಲವಾದರೆ ಹಿಂದಿನ ಸಲದ ಗೆರೆಗಳೆಲ್ಲ ಹಾಗೇ ಉಳಿದು, ಸರಿಯಾದ ಪ್ರೋಗ್ರಾಮೂ ತಪ್ಪಿನಂತೆ ಕಾಣುತ್ತದೆ. ಆಮೇಲೆ ‘ಗೋ ಟು 0, 0’, ‘ಪಾಯಿಂಟ್ ಇನ್ ಡೈರೆಕ್ಷನ್ 90’, ‘ಪೆನ್ ಡೌನ್’. ಬೆಕ್ಕಿನ ಗಾತ್ರವನ್ನು 30ಕ್ಕೆ ಇಳಿಸಬೇಕು, ಇಲ್ಲವಾದರೆ ಬರೆದ ಗೆರೆಯನ್ನೆಲ್ಲ ಅದೇ ಮುಚ್ಚಿಬಿಡುತ್ತದೆ. ‘ರಿಪೀಟ್’ ಒಳಗೆ ‘ಮೂವ್ 100’, ‘ಟರ್ನ್’, ಜೊತೆಗೆ ‘ವೇಟ್ 0.5’. ಈ ಅರ್ಧ ಸೆಕೆಂಡನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಿತ್ರ ಮುಗಿದಿರುತ್ತದೆ, ಬೆಕ್ಕು ಮೂಲೆಯಲ್ಲಿ ನಿಂತು ತಿರುಗಿದ್ದನ್ನು ಮಗು ಕಂಡೇ ಇರುವುದಿಲ್ಲ.

ಹುಡುಗಿ ರಿಪೀಟ್‌ಗೆ 3 ಹಾಕಿದಳು, ಟರ್ನ್‌ಗೆ 60. ಹಾಕುವ ಮೊದಲು ಕಂಪಾಸ್ ಬಾಕ್ಸಿನಿಂದ ಸೆಟ್‌ಸ್ಕ್ವೇರ್ ತೆಗೆದು, ಬೋರ್ಡಿನ ಮೇಲಿದ್ದ ತ್ರಿಕೋನದ ಮೂಲೆಗೆ ಇಟ್ಟು ನೋಡಿ ಬಂದಿದ್ದಳು. ಸರಿಯಾಗಿ ಕೂತಿತ್ತು. ಹಸಿರು ಬಾವುಟ ಒತ್ತಿದರೆ ಬಂದದ್ದು ಮೂರು ಗೆರೆಯ, ಬಾಯಿ ಮುಚ್ಚದ ಆಕೃತಿ. ಒಡೆದ ಬಳೆಯ ಚೂರಿನಂತೆ.

ಈ ತಪ್ಪು ಅವಳೊಬ್ಬಳದಲ್ಲ. ತ್ರಿಕೋನ ಬರೆಸಿದ ಕಡೆಯೆಲ್ಲ ಬಂದೇ ಬರುತ್ತದೆ, ಬರಲಿ ಎಂದೇ ಈ ಪಾಠ ಇಟ್ಟುಕೊಳ್ಳುವುದು. ಚೌಕದಲ್ಲಿ ಈ ಗುಟ್ಟು ಬಯಲಾಗುವುದಿಲ್ಲ, ಯಾಕೆಂದರೆ ಅಲ್ಲಿ ಒಳಗಿನ ಕೋನವೂ 90, ತಿರುಗಬೇಕಾದದ್ದೂ 90. ತ್ರಿಕೋನದಲ್ಲಾದರೆ ಎರಡೂ ಬೇರೆಯಾಗುತ್ತವೆ. ಹಾಗಾಗಿ ಚೌಕ ಮೊದಲು, ತ್ರಿಕೋನ ಆಮೇಲೆ. ಈ ಕ್ರಮ ತಿರುಗಿಸಿದರೆ ಮಗುವಿಗೆ ಆಶ್ಚರ್ಯವೇ ಆಗುವುದಿಲ್ಲ, ಬರೀ ಗೊಂದಲ.

ಅವಳು ಪರದೆಯನ್ನೂ ಸೆಟ್‌ಸ್ಕ್ವೇರನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು. ಹಿಂದೆ ನಿಂತಿದ್ದ ಪಪ್ಪನ ಕೈ ಭುಜದ ಮೇಲಿಂದ ಬಂತು, ಮೌಸ್ ಹಿಡಿಯಿತು, 60 ಅಳಿಸಿ 120 ಹಾಕಿತು. ತ್ರಿಕೋನ ಬಂತು. ಆಗಲೇ ಆ ಪ್ರಶ್ನೆ.

ಆ ಮನುಷ್ಯ ಕೆಟ್ಟವರೇನಲ್ಲ. ವಾರವಿಡೀ ಲೋಕಲ್‌ನಲ್ಲಿ ತೂಗಾಡಿ, ಇರುವ ಒಂದು ರಜೆಯನ್ನೂ ಮಗಳಿಗೆ ಕೊಟ್ಟವರು. ಆದರೆ ಇವರಂಥವರ ಕೈಯನ್ನು ಹೊರಗೆ ಚಪ್ಪಲಿ ಬಿಡುವ ಕಡೆಯೇ ಬಿಡಿಸಿ ಒಳಗೆ ಕರೆಯಬೇಕು ಅಂತ ನನಗೆ ಬಲವಾಗಿ ಅನಿಸಿದೆ. ಪರದೆಯ ಮೇಲೆ ತಪ್ಪು ಚಿತ್ರ ನಿಂತಿದ್ದರೆ ನಮಗೆ ಮೈ ಕಡಿದಂತಾಗುತ್ತದೆ, ಹಾಲು ಉಕ್ಕುವಾಗ ಒಲೆ ಆರಿಸುವ ಹಾಗೆ ಓಡಿಹೋಗಿ ಸರಿಮಾಡುತ್ತೇವೆ. ಮೂರೇ ನಿಮಿಷ ಆ ಮುರಿದ ಬಳೆ ಅಲ್ಲೇ ಇದ್ದಿದ್ದರೆ ಏನಾಗುತ್ತಿತ್ತು?

ಸೇಮೋರ್ ಪೇಪರ್ಟ್ ಮತ್ತು ಜೊತೆಗಾರರು 1967ರಲ್ಲಿ ಮಕ್ಕಳಿಗೆಂದು ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಗೆರೆ ಎಳೆಯುವ ಆಮೆ ಅದಕ್ಕೆ ಸ್ವಲ್ಪ ಕಾಲದ ಮೇಲೆ ಸೇರಿತು. ಮಗು ತಾನೇ ಆಮೆಯಾಗಿ ನಡೆದು ನೋಡಲಿ, ಮೈಗೆ ಗೊತ್ತಿರುವುದರಿಂದ ರೇಖಾಗಣಿತಕ್ಕೆ ಬರಲಿ ಎಂಬುದು ಪೇಪರ್ಟ್ ಅವರ ಆಸೆ. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಿಚೆಲ್ ರೆಸ್ನಿಕ್ ತಂಡ ಹೊರತಂದ ಸ್ಕ್ರ್ಯಾಚ್ ಅದೇ ವಂಶದ್ದು. ಬೆಕ್ಕು ಬಂದಮೇಲೆ ಜನ ನಡೆಯುವುದನ್ನೇ ಮರೆತಿದ್ದಾರೆ. ಆರು ವರ್ಷದ ಮಗು ಆ್ಯಪ್ ಮಾಡಿತು, ಸರ್ಟಿಫಿಕೇಟ್ ಸಿಕ್ಕಿತು ಎಂದು ಸೊಸೈಟಿಯ ಲಿಫ್ಟಿನೊಳಗೆ ಅಂಟಿಸುವ ಜಾಹೀರಾತುಗಳಲ್ಲಿ ಮಗು ನಡೆದು ನೋಡುವ ನೆಲವೇ ಕಾಣುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಕೋಡಿಂಗ್ ಹೇಳಿರುವುದು ಆರನೇ ತರಗತಿಯಿಂದ ಶುರುವಾಗುವ ಮಾಧ್ಯಮಿಕ ಹಂತಕ್ಕೆ. ಅದಕ್ಕೂ ಮೊದಲು ಕಲಿಸಬಾರದು ಅಂತಲ್ಲ, ಆದರೆ ಅವಸರ ಯಾರದ್ದು?

ಮಧ್ಯಾಹ್ನ ಪೇಪರ್ ಸರ್ಕ್ಯೂಟ್, ಅಂದರೆ ಕಾಗದದ ಮೇಲೆ ತಾಮ್ರದ ಟೇಪು ಅಂಟಿಸಿ ಪುಟ್ಟ ದೀಪ ಹತ್ತಿಸುವುದು. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ ತಂದ ಎಲ್‌ಇಡಿ, ತಾಮ್ರದ ಟೇಪು, 3 ವೋಲ್ಟಿನ ಸಿಆರ್2032 ನಾಣ್ಯದ ಸೆಲ್. ಎಲ್‌ಇಡಿಯ ಉದ್ದ ಕಾಲು ಪ್ಲಸ್‌ಗೆ. ತಿರುವಿನಲ್ಲಿ ಟೇಪನ್ನು ಕತ್ತರಿಸಿ ಮೇಲಂಟಿಸಬಾರದು, ಮಡಚಿ ತಿರುಗಿಸಬೇಕು. ಎಷ್ಟೋ ಟೇಪುಗಳ ಗೋಂದಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಸೆಲ್ಲುಗಳನ್ನು ಎಣಿಸಿ ಕೊಟ್ಟು ಎಣಿಸಿಯೇ ವಾಪಸು ಪಡೆಯಬೇಕು. ಜೊತೆಗೆ ಬಂದ ಪುಟ್ಟ ತಮ್ಮನೋ ತಂಗಿಯೋ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು, ನೇರ ಆಸ್ಪತ್ರೆಗೇ ಓಡಬೇಕು. ಇದೊಂದರಲ್ಲಿ ದೊಡ್ಡವರು ಎಷ್ಟು ಬೇಕಾದರೂ ಕೈ ಹಾಕಲಿ.

ಒಬ್ಬ ಹುಡುಗ ಒಂದೇ ಸೆಲ್ಲಿಗೆ ಕೆಂಪು, ನೀಲಿ ಎರಡನ್ನೂ ಅಕ್ಕಪಕ್ಕ ಜೋಡಿಸಿದ. ಕೆಂಪು ಹತ್ತಿತು, ನೀಲಿ ಇಲ್ಲ. ಕೆಂಪನ್ನು ಕಿತ್ತ, ನೀಲಿ ಹತ್ತಿತು! ಮತ್ತೆ ಕೆಂಪು ಇಟ್ಟ, ನೀಲಿ ಆರಿತು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿಗೇ ಕರೆಂಟು ಎಳೆದುಕೊಳ್ಳುತ್ತದೆ, ಪುಟ್ಟ ಸೆಲ್ಲಿನ ವೋಲ್ಟೇಜು ಅಲ್ಲಿಗೇ ಕುಸಿಯುತ್ತದೆ. ನೀಲಿಗೆ ಬೇಕಾದದ್ದು 3ರ ಆಸುಪಾಸು. ಎರಡೂ ಬೇಕೆಂದರೆ ಎರಡು ಪೆನ್ಸಿಲ್ ಸೆಲ್ ಒಂದರ ಹಿಂದೊಂದು ಹಾಕಿ, ಒಂದೊಂದು ಬಣ್ಣಕ್ಕೂ ಕರೆಂಟಿಗೆ ಕಡಿವಾಣ ಹಾಕುವ ಬೇರೆಬೇರೆ 100 ಓಮಿನ ರೆಸಿಸ್ಟರ್ ಕೊಡಬೇಕು. ಆಗ ನೀಲಿ ಮಂಕಾಗಿಯಾದರೂ ಹತ್ತುತ್ತದೆ. ಅವನು ಮೂರನೇ ಸಲ ಕೆಂಪನ್ನು ಕೀಳುವಷ್ಟರಲ್ಲಿ ಪಕ್ಕದ ಒಬ್ಬ ತಾಯಿ, “ನೀಲಿ ಕೆಟ್ಟಿರ್ಬೇಕು ಮಾರಾಯ, ಇನ್ನೊಂದು ಕೆಂಪು ಹಾಕು” ಅಂದರು. ಹಾಕಿದ, ಎರಡೂ ಹತ್ತಿದವು, ಫೋಟೋ ತೆಗೆದರು. ಕೆಡದೇ ಇದ್ದ ನೀಲಿ ಎಲ್‌ಇಡಿ ಮೇಜಿನ ಕೆಳಗೆ ಬಿತ್ತು.

ಒಂದೇ ದಿನ ಎರಡು ಸಲ! ಹಾಗೆ ನೋಡಿದರೆ ಸಿಕ್ಸ್ಟಿ ಎಲ್ಲಿ ಹೋಯ್ತು ಎಂದು ಕೇಳುವಷ್ಟು ಧೈರ್ಯ ಆ ಹುಡುಗಿಗಾದರೂ ಇತ್ತು. 120 ಸರಿ ಎಂದು ಅವಳು ಒಪ್ಪಿದ್ದಳು. ಆದರೆ ಸೆಟ್‌ಸ್ಕ್ವೇರ್ ಸುಳ್ಳು ಹೇಳುವುದಿಲ್ಲವಲ್ಲ. ಅಳೆದು ಕೈಯಲ್ಲಿ ಹಿಡಿದಿದ್ದ ಸಂಖ್ಯೆ ಎಲ್ಲಿಯಾದರೂ ಇರಲೇಬೇಕು ಎನ್ನುವುದು ಅವಳ ಹಟ. ಎಂಜಿನಿಯರ್ ಅನ್ನುವವರಲ್ಲಿ ಎಷ್ಟು ಜನರಿಗೆ ಈ ಹಟ ಉಳಿದಿರುತ್ತದೆ?

ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದಾಗ ಅವಳನ್ನು ಹೊರಗಿನ ಹಾಲ್‌ನ ನೆಲಕ್ಕೆ ಕರೆಸಲಾಯಿತು. ಸೀಮೆಸುಣ್ಣದಲ್ಲಿ ಐದೈದು ಹೆಜ್ಜೆಯ ದೊಡ್ಡ ತ್ರಿಕೋನ, ಮೊದಲ ಗೆರೆಯನ್ನು ಮೂಲೆ ದಾಟಿ ಎರಡು ಹೆಜ್ಜೆ ಮುಂದಕ್ಕೂ ಎಳೆಯಬೇಕು. ಹಳೆ ಪೇಪರಿನಲ್ಲಿ ಒಂದು ಅರ್ಧವೃತ್ತ. ಅದನ್ನು ಶೇಂಗಾ ಪೊಟ್ಟಣದ ಹಾಗೆ ಸುತ್ತಿ, ಮೂರು ಪದರ ಒಂದಕ್ಕೊಂದು ಸರಿಹೊಂದುವಂತೆ ಒತ್ತಿ ಬಿಚ್ಚಿದರೆ ಮೂರು ಸಮ ಮಡಿಕೆ, ಒಂದೊಂದು 60. ಅರ್ಧವೃತ್ತದ ನೇರ ಅಂಚು ಮೊದಲ ಗೆರೆಯ ಮೇಲೆ, ನಡುಬಿಂದು ಮೂಲೆಯ ಮೇಲೆ, ಗುಂಡಗಿನ ಭಾಗ ತ್ರಿಕೋನದ ಕಡೆಗೆ.

ಹುಡುಗಿ ಗೆರೆಯ ಮೇಲೆ ನಡೆದು ಮೂಲೆಗೆ ಬಂದಳು. ಮೂಗು ನೇರ, ಮೂಲೆ ದಾಟಿ ಮುಂದಕ್ಕೆ ಎಳೆದ ಗೆರೆಯತ್ತ. ಒಂದು ಮಡಿಕೆ ತಿರುಗಿದಳು, ಎರಡನೇ ಗೆರೆ ಇನ್ನೂ ಸಿಗಲಿಲ್ಲ. ಇನ್ನೊಂದು ಮಡಿಕೆ ತಿರುಗಿದಳು, ಸಿಕ್ಕಿತು. ಮೂರನೇ ಮಡಿಕೆ ತಾನು ನಡೆದು ಬಂದ ಗೆರೆಗೂ ಹೋಗಬೇಕಾದ ಗೆರೆಗೂ ನಡುವೆ ಹಾಗೇ ಬಿದ್ದಿತ್ತು. ಬಗ್ಗಿ, ಅದರ ಮೇಲೆ ಸೆಟ್‌ಸ್ಕ್ವೇರ್ ಇಟ್ಟಳು.

“ಇಲ್ಲೇ ಉಂಟು” ಅಂದಳು. “ನಾನು ತಿರುಗ್ಲಿಕ್ಕೆ ಇಲ್ಲದ್ದು ಇದು.”

ಒಳಗೆ ಹೋಗಿ ಟರ್ನ್‌ನಲ್ಲಿ ಪಪ್ಪ ಹಾಕಿದ್ದ 120 ಅಳಿಸಿ ಮತ್ತೆ ತನ್ನ 60 ಹಾಕಿದಳು. ರಿಪೀಟ್ 3 ಇದ್ದದ್ದು 6 ಆಯಿತು. ಬಾಯಿ ತೆರೆದಿದ್ದ ಬಳೆ ಸುತ್ತಿ ಬಂದು ಮುಚ್ಚಿಕೊಂಡಿತು, ಆರು ಮೂಲೆಯ ಜೇನುಗೂಡಿನ ಕೋಣೆ. ಮೂವ್‌ನ 100ನ್ನು 150 ಮಾಡಿದಳು. ಪರದೆಯ ನಡುವಿನಿಂದ ಕೆಳಗಿನ ಅಂಚಿಗೆ ಇರುವುದೇ 180, ಇದಕ್ಕೆ ಬೇಕಾದದ್ದು 260; ಬೆಕ್ಕು ಕೆಳಗಿನ ಅಂಚಿಗೆ ತಗುಲಿ ಗೂಡು ಸೊಟ್ಟಗಾಯಿತು.

ಪಪ್ಪನ ಕೈ ಮತ್ತೆ ಭುಜದ ಮೇಲಿಂದ ಬಂತು. ಹುಡುಗಿ ಮೌಸನ್ನು ಎಡಗಡೆಗೆ ಸರಿಸಿಕೊಂಡಳು.