ಹೊಳೆಗೆ ಮುಖ ಮಾಡಿದ್ದ ನಕ್ಷೆ

ಕುಶಾಲನಗರ ಮತ್ತು ಸಿದ್ದಾಪುರದ ನಡುವೆ, ಕಾವೇರಿಯ ದಡದಲ್ಲಿ, ಬಿದಿರಿನ ಹೆಣಿಗೆಯನ್ನೂ ಮರಗೆಲಸವನ್ನೂ ಕಲಿಸುವ ಸಣ್ಣ ಶಾಲೆಯೊಂದರ ನಕ್ಷೆ ಮಾಡುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಸುತ್ತಲಿನ ಯಾರೇ ಆಗಲಿ ಬಂದು ಕುಳಿತು ಕಲಿಯುವಂತಿರಬೇಕು ಎಂಬುದೊಂದೇ ಕಟ್ಟಿಸುವವರ ಷರತ್ತು. ನಾನು ಮೊದಲು ಬರೆದ ನಕ್ಷೆಯಲ್ಲಿ ಕೋಣೆಗಳೆಲ್ಲ ಹೊಳೆಗೆ ಮುಖ ಮಾಡಿದ್ದವು. ಉದ್ದಕ್ಕೂ ಗಾಜಿನ ಕಿಟಕಿ, ಅದರಾಚೆ ನೀರು. ರೆಸಾರ್ಟುಗಳ ಕೆಲಸ ಮಾಡಿ ಮಾಡಿ ಹೊಳೆಯೆಂದರೆ ನೋಡುವ ವಸ್ತು ಎಂಬ ಅಭ್ಯಾಸ ನನಗಾಗಿತ್ತು.

ನಕ್ಷೆ ಹರಡಿ ತೋರಿಸಿದ ದಿನ ಪಕ್ಕದ ಲೈನ್‌ಮನೆಯ (ತೋಟದ ಕೂಲಿಕಾರರ ಸಾಲುಮನೆಯ) ಹಿರಿಯರೊಬ್ಬರು, "ಚೆಂದ ಉಂಟು ಸಾರ್, ಒಮ್ಮೆ ನಮ್ಮ ಮನೆಗೆ ಬನ್ನಿ" ಎಂದು ಕರೆದೊಯ್ದರು. ಎರಡು ಸಲ ಸುಣ್ಣ ಹೊಡೆದಿದ್ದರೂ ಗೋಡೆಯ ಮೇಲೆ ಕೆಸರಿನ ಗೆರೆ ಉಳಿದಿತ್ತು. ಕರಡಿಗೋಡು, ನೆಲ್ಯಹುದಿಕೇರಿಗಳಲ್ಲಿ ದಡದ ಮನೆಗಳನ್ನು ಕೆಡವಿದ 2019ರ ಆಗಸ್ಟಿನ ನೆರೆ ಇಲ್ಲಿಯವರೆಗೆ ನಿಂತಿತ್ತಂತೆ. ಟೇಪು ಹಿಡಿದಾಗ ನೆಲದಿಂದ 4 ಅಡಿ 3 ಅಂಗುಲ ಬಂತು. ಆ ಮನೆಗಿಂತ ತಗ್ಗಿನಲ್ಲಿದ್ದ ನನ್ನ ಕಟ್ಟಡಕ್ಕೆ ನಾನು ಕೊಟ್ಟಿದ್ದ ತಳಪಾಯದ ಎತ್ತರ 2 ಅಡಿ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಚಹಾ ಕೊಟ್ಟು ಕಳುಹಿಸಿದರು.

ಶಾಲೆಯನ್ನು ದಿಬ್ಬದ ಮೇಲಕ್ಕೆ ಒಯ್ದೆವು. ಹಾಗೆಂದು ಹೊಳೆಯನ್ನು ಬಿಟ್ಟುಬಿಡುವಂತಿರಲಿಲ್ಲ, ಏಕೆಂದರೆ ಹಸಿ ಬಿದಿರಿನೊಳಗಿನ ಪಿಷ್ಟವೇ ಕುಟ್ಟೆಹುಳಕ್ಕೆ ಆಹಾರವಾದ್ದರಿಂದ, ಗಳಗಳನ್ನು ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು ಆ ಪಿಷ್ಟವನ್ನು ತೊಳೆದು ತೆಗೆಯುವುದು ಹಳೆಯ ಪದ್ಧತಿ. ನಿಂತ ನೀರಿನಲ್ಲಿ ಬಿದಿರು ಕಪ್ಪಾಗುತ್ತದೆ, ನಾರುತ್ತದೆ. ಆದ್ದರಿಂದ ದಡದಲ್ಲಿ ಕಲ್ಲಿನ ಅಗಲ ಮೆಟ್ಟಿಲು, ಗಳಗಳನ್ನು ಹಗ್ಗದಿಂದ ಬಿಗಿಯಲು ಗೂಟಗಳು, ಗೋಡೆಯಿಲ್ಲದ ಒಂದು ಚಪ್ಪರ, ಇಷ್ಟನ್ನು ಮಾತ್ರ ಕೆಳಗೆ ಉಳಿಸಿಕೊಂಡೆವು. ಹುಳ ಹಿಡಿಯದಂತೆ ಬಿದಿರನ್ನು ಅದ್ದಿಡಲು ಬಿಳಿಗಾರ (ಬೋರಾಕ್ಸ್) ಮತ್ತು ಬೋರಿಕ್ ಆಸಿಡ್ ಕಲಸಿದ ನೀರಿನ ತೊಟ್ಟಿಯನ್ನೂ ಅಲ್ಲೇ ಇಡುವ ಸಲಹೆ ಬಂದಾಗ, ಅದರ ನೀರು ಹೊಳೆಗೆ ಸೇರಬಾರದೆಂದು ನಾನು ಒಪ್ಪಲಿಲ್ಲ. ಅಲ್ಲದೆ ಆ ಲವಣ ಮಳೆಗೆ ತೊಳೆದುಹೋಗುವಂಥದ್ದು. ಕೊಡಗಿನ ಓರೆಮಳೆಗೆ ಕಟ್ಟಡದ ಬಿದಿರು ನೆನೆಯದಿರಲೆಂದು ಸೂರನ್ನು 4 ಅಡಿ ಮುಂದಕ್ಕೆ ಚಾಚಿದೆವು.

ಒಳಗಿನ ತಪ್ಪುಗಳು ಗೊತ್ತಾಗಿದ್ದು ಕಟ್ಟಡದ ಗುರುತನ್ನು ನೆಲದ ಮೇಲೆ ಸುಣ್ಣದಲ್ಲಿ ಎಳೆದಾಗ. ಬುಟ್ಟಿ, ಮೊರ ಹೆಣೆಯುವುದರಲ್ಲಿ ಕೈ ಪಳಗಿದ್ದ ಅಜ್ಜಿಯೊಬ್ಬರನ್ನು ಕರೆದಿದ್ದೆವು. ಮೊಮ್ಮಗನ ಹೆಗಲಿಗೆ 16 ಅಡಿಯ ಗಳವನ್ನು ಕೊಟ್ಟು, ನಾನು ಬಾಗಿಸಿದ್ದ ಕಾರಿಡಾರಿನಲ್ಲಿ ನಡೆಸಿದರು. ತಿರುವಿನಲ್ಲಿ ಗಳದ ತುದಿ ಸುಣ್ಣದ ಗೆರೆಯನ್ನು ದಾಟಿ ಮೂರಡಿ ಆಚೆಗೆ ಹೋಯಿತು. ಆಮೇಲೆ ಅಜ್ಜಿ ನೆಲದ ಮೇಲೆ ಕುಳಿತು, ಒಂದು ಕಾಲಿನ ಹೆಬ್ಬೆರಳಿನಿಂದ ಸೀಳಿದ ಬಿದಿರಿನ ದಬ್ಬೆಯನ್ನು ಅದುಮಿ ಹಿಡಿದು ಕತ್ತಿಯಿಂದ ಹೆರೆಯತೊಡಗಿದರು. "ಬೆಳಕು ಕೈ ಮೇಲೆ ಬೀಳ್ಬೇಕಲ್ಲ ಮಗಾ, ತಲೆ ಮೇಲೆ ಬಿದ್ದರೆ ಏನು ಮಾಡ್ಲಿ?" ಎಂದರು. ನನ್ನ ಕಿಟಕಿಗಳು ಮೇಜಿನ ಮುಂದೆ ಕುರ್ಚಿಯಲ್ಲಿ ಕೂರುವವರಿಗಾಗಿ 3 ಅಡಿ ಎತ್ತರದಿಂದ ಆರಂಭವಾಗುತ್ತಿದ್ದವು. ಅವುಗಳನ್ನು 1 ಅಡಿಗೆ ಇಳಿಸಿದೆ, ಕಾರಿಡಾರನ್ನು ತೆಗೆದೇ ಹಾಕಿದೆ, ಮೇಜುಗಳ ಪಟ್ಟಿಯನ್ನು ಹರಿದೆ.

ಕಾಂಪೌಂಡ್ ವಿಚಾರದಲ್ಲಿ ಜಗಳವೇ ಆಯಿತು. ಹೊಳೆಗೆ ಬಟ್ಟೆ ಒಗೆಯಲು ಹೋಗುವ ಕಾಲುದಾರಿ ನಿವೇಶನದ ನಡುವೆಯೇ ಹಾದುಹೋಗುತ್ತಿತ್ತು. ಅದನ್ನು ಮುಚ್ಚಿ ಗೇಟಿಟ್ಟರೆ, ಎಲ್ಲರಿಗೂ ತೆರೆದಿದೆ ಎಂದು ಬೋರ್ಡು ಬರೆಸಿ ಏನು ಪ್ರಯೋಜನ ಎಂಬುದು ನನ್ನ ವಾದ. ಕೊನೆಗೆ ಉಪಕರಣಗಳ ಕೋಣೆಗಷ್ಟೇ ಬೀಗ ಬಂತು, ದಾರಿ ಉಳಿಯಿತು. ತರಗತಿಯ ವೇಳೆಯನ್ನೂ ಆ ದಾರಿಯಲ್ಲಿ ನಡೆಯುವವರೇ ತಿದ್ದಿದರು: ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಆಗ ಹಗಲಿನ ಕೂಲಿ ಬಿಟ್ಟು ಯಾರೂ ಬರಲಾರರು. ಹಾಗಾಗಿ ಆ ತಿಂಗಳುಗಳಲ್ಲಿ ಪಾಠ ಸಂಜೆಗೆ ಸರಿಯಿತು, ನಾನು ಮರೆತಿದ್ದ ದೀಪಗಳು ನಕ್ಷೆಗೆ ಸೇರಿದವು.

ಕಳೆದ ಮಳೆಗಾಲದಲ್ಲಿ ಕೆಳಗಿನ ಚಪ್ಪರದೊಳಗೆ ಎರಡು ಸಲ ಹೊಳೆ ಬಂದು ಹೋಯಿತು. ಕಲಿಯುವವರು ಸಲಿಕೆ, ಪೊರಕೆ ಹಿಡಿದು ಅರ್ಧ ದಿನದಲ್ಲಿ ಕೆಸರು ಬಳಿದರು. ಒಂದು ಗೂಟ ಮಾತ್ರ ಕಿತ್ತುಹೋಗಿತ್ತು, ಅದನ್ನು ಇನ್ನೂ ಆಳಕ್ಕೆ ನೆಟ್ಟಿದ್ದಾರೆ.